ಎರವಲಿನ ಮರ್ಯಾದೆ

"ಮುಟ್ಟಲ್ಲ ಅಂದ್ರೆ ಮುಟ್ಟಲ್ಲ," ಎಂದ ಆರ್ಲೋ ಬೆಕ್‌ಮನ್. "ಆ ಕಬ್ಬಿಣಾನ ಇನ್ನು ಈ ಜನ್ಮದಲ್ಲಿ ಮುಟ್ಟಲ್ಲ. ಬೇಕಿದ್ರೆ ಬಿಚ್ಕೊಂಡು ಹೋಗಿ ನದಿಗೆ ಎಸಿ."

"ಬಿಚ್ಕೊಂಡು ಹೋಗೋಕೆ ಬಂದಿಲ್ಲ ಅಂಕಲ್. ಕ್ಲೀನ್ ಮಾಡ್ಸೋಕೆ ಬಂದಿದೀನಿ," ಎಂದಳು ಮೇವಿಸ್ ಟೋರ್ಗರ್ಸನ್.

ಅವಳು ಗ್ಯಾರೇಜಿನ ಬಾಗಿಲನ್ನು ಹಿಂದೆ ಎಳೆದುಕೊಂಡಳು. ಹೊರಗೆ ಗಾಳಿ ಬಯಲಿನ ಧೂಳನ್ನೆಲ್ಲ ಎತ್ತಿ ತಗಡಿನ ಗೋಡೆಗೆ ಎರಚುತ್ತಿತ್ತು. ಒಳಗೆ ಉದ್ದನೆಯ ಮರದ ಮೇಜು, ಅದರ ಅಂಚಿಗೆ ಬೋಲ್ಟು ಹಾಕಿ ಬಿಗಿದ, ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಕಟ್ಟುವ ಪ್ರೆಸ್, ಪಕ್ಕದಲ್ಲಿ ಕಾಫಿ ಆರಿ ಹೋದ ಮಗ್ಗು. ಮುದುಕ ಮಗ್ಗನ್ನೂ ನೋಡುತ್ತಿರಲಿಲ್ಲ, ಪ್ರೆಸ್ಸನ್ನೂ ನೋಡುತ್ತಿರಲಿಲ್ಲ.

ಜಿಂಕೆ ಬೇಟೆ ಶುರುವಾದ ದಿನವೇ ವೆಂಡೆಲ್ ಪ್ರೂಯಿಟ್‌ನ ಕೋವಿ ಅವನ ಕೆನ್ನೆಯ ಪಕ್ಕದಲ್ಲೇ ಸಿಡಿದು ಅವನು ಸತ್ತಿದ್ದ. ತೋಟಾ ಕಟ್ಟಿಕೊಟ್ಟಿದ್ದವನು ಅವನ ಜೀವದ ಗೆಳೆಯ ಆರ್ಲೋ. ತಪ್ಪು ಮದ್ದು ತುಂಬಿದ್ದು ನಾನೇ ಎಂದು ಆರ್ಲೋ ತಾನಾಗಿಯೇ ಬಂದು ಒಪ್ಪಿಕೊಂಡಿದ್ದ. ಸೋಮವಾರ ಸರ್ಕಾರಿ ವಕೀಲ ಮೊಕದ್ದಮೆ ಹೂಡುವವನಿದ್ದ. ಗ್ರೇ ಬಟ್ ಊರಿನವರೆಲ್ಲ ಪಾಪ, ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಹೇಳಿ ಮುಗಿಸಿಬಿಟ್ಟಿದ್ದರು.

ಊರಿನ ಪೊಲೀಸ್ ಕೆಲಸ ನೋಡುವ ಉಪಶೆರಿಫ್ ಮೇವಿಸ್ ಮಾತ್ರ ಮುಗಿಸಿರಲಿಲ್ಲ. ಅವಳು ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಶಾಲೆಯಲ್ಲಿದ್ದಾಗಲೇ ಅವಳಿಗೆ ಉಡ ಎಂಬ ಅರ್ಥದ ಅಡ್ಡಹೆಸರಿತ್ತು.

"ಅಂಕಲ್, ಒಂದು ಮಾತು ಹೇಳಿ. ವೆಂಡೆಲ್‌ನ ಪೆಟ್ಟಿಗೇಲಿ ಉಳಿದ ತೋಟಾ ಎಲ್ಲಾ ಲ್ಯಾಬ್‌ನೋರು ಬಿಚ್ಚಿ ನೋಡಿದಾರೆ. ಎರಡರಲ್ಲಿ ಮಾತ್ರ ತಪ್ಪು ಮದ್ದು. ಮಿಕ್ಕಿದ್ದೆಲ್ಲಾ ಸರಿಯಾಗೇ ಇತ್ತು. ನೀವು ಡಬ್ಬಿ ಅದಲು ಬದಲು ಮಾಡಿದ್ರೆ ಇಡೀ ಪೆಟ್ಟಿಗೆ ಕೆಡಬೇಕಿತ್ತಲ್ವಾ?"

"ಮಧ್ಯದಲ್ಲಿ ಮರೆತೆ."

"ಮಧ್ಯದಲ್ಲಿ ಮರೆತು, ಮಧ್ಯದಲ್ಲೇ ಜ್ಞಾಪಕ ಬಂತಾ?"

"ನಿಂಗೇನು ಗೊತ್ತು ವಯಸ್ಸಾದೋರ ಕಷ್ಟ?"

"ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು, ಎರಡನೇದು ಬಂದ್ರೆ ಕೈ ಕಡೀತೀನಿ ಅಂತ ನಂಗೆ ಹೇಳಿದ್ದೋರು ಯಾರು?"

ಆರ್ಲೋ ಆರಿದ ಕಾಫಿಯ ಮಗ್ಗನ್ನು ಪಕ್ಕಕ್ಕೆ ಸರಿಸಿದ. ರೈಲ್ವೆ ಕಾರ್ಯಾಗಾರದಲ್ಲಿ ಆಯುಷ್ಯವೆಲ್ಲ ಸವೆಸಿದ ಅವನ ಕೈ ಸ್ವಲ್ಪ ನಡುಗುತ್ತಿದ್ದುದು ನಿಜ. ಆದರೆ ಹಿಡಿಕೆಯ ಮೇಲೆ ಇಟ್ಟ ಕೂಡಲೇ ಆ ನಡುಕ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು.

"ಜ್ವರ ಬಿಡ್ತಾ ನಿಂಗೆ?" ಎಂದು ಅವನು ಮಾತು ತಿರುಗಿಸಿದ.

"ಬಿಡ್ತು. ಹೋದ ಗುರುವಾರ ಪೂರ್ತಿ ಹಾಸಿಗೇಲೇ ಬಿದ್ದಿದ್ದೆ. ಮಾತು ತೇಲಿಸ್ಬೇಡಿ. ಭಾನುವಾರ ಚರ್ಚಿಂದ ಬಂದು ಹೇಗೆ ಕ್ಲೀನ್ ಮಾಡ್ತೀರೋ ಹಾಗೇ ಮಾಡಿ. ನಾನು ನೋಡ್ತೀನಿ, ಅಷ್ಟೇ."

"ಯಾಕೆ?"

"ತೋಟಾ ಕಟ್ಟಿದ ಕೈ ಹೇಗಿದೆ ಅಂತ ಕೋರ್ಟಲ್ಲಿ ಕೇಳ್ತಾರೆ. ನಾನು ಕಣ್ಣಾರೆ ನೋಡಿ ಹೇಳ್ಬೇಕು."

ಅದು ಅರ್ಧ ಸುಳ್ಳು. ನಿಜವಾಗಿ ಅವಳಿಗೆ ಏನು ಬೇಕಾಗಿತ್ತೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಮನುಷ್ಯರು ಸುಳ್ಳು ಹೇಳುತ್ತಾರೆ, ಒಗ್ಗಿಹೋದ ಕೈಗಳು ಅಷ್ಟು ಸುಲಭವಾಗಿ ಹೇಳುವುದಿಲ್ಲ ಎಂಬ ನಂಬಿಕೆಯೊಂದಿತ್ತು, ಅಷ್ಟೆ.

ಈ ಮೇಜಿನ ಮುಂದೆ ಹಾಲಿನ ಪೆಟ್ಟಿಗೆಯ ಮೇಲೆ ನಿಂತು ಅವಳು ಚಿಕ್ಕವಳಿದ್ದಾಗಲೇ ಇದನ್ನೆಲ್ಲ ಕಲಿತಿದ್ದಳು. ಮೊದಲು ಬಿಲ್ಲೆ, ಅಂದರೆ ತೋಟಾದ ಬುಡವನ್ನು ಹಿಡಿದುಕೊಳ್ಳುವ ಉಕ್ಕಿನ ಬಿಲ್ಲೆ. ಅದನ್ನು ಕಿತ್ತು ಒರೆಸಬೇಕು. ಆಮೇಲೆ ಬಟ್ಟಲು, ಹಳೆಯ ತೋಟಾದ ಬುಡದಿಂದ ಉದುರಿದ, ಮದ್ದಿಗೆ ಕಿಡಿ ಕೊಟ್ಟು ಸಿಡಿದ ಕೇಪುಗಳು ಬಂದು ಬೀಳುವ ಜಾಗ. ಆಮೇಲೆ ಸಂದಿಯ ಪಿನ್ನುಗಳಿಗೆ ಒಂದೊಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ. ಎಲ್ಲಕ್ಕಿಂತ ಕೊನೆಗೆ ಕಂಬ. ಹಿಡಿಕೆ ಎಳೆದಾಗ ಮೇಲೇರಿ ತೋಟಾವನ್ನು ಅಚ್ಚಿಗೆ ಒತ್ತುವ ಆ ಗುಂಡು ಕಂಬವೇ ಪ್ರೆಸ್ಸಿನ ಪ್ರಾಣ. ಅದಕ್ಕೇ ಅದು ಕೊನೆಗೆ. ಮೇಲಿನದನ್ನೆಲ್ಲ ಬ್ರಷ್ ಮಾಡುವಾಗ ಉದುರುವ ಮಸಿ ಅದರ ಮೇಲೇ ಬೀಳುತ್ತದೆ. ಮೊದಲೇ ಒರೆಸಿದರೆ ಒರೆಸಿದ ಕೆಲಸ ದಂಡ.

"ಬಿಲ್ಲೆ, ಬಟ್ಟಲು, ಪಿನ್ನು, ಕಂಬ," ಎಂದು ಆರ್ಲೋ ಆಗ ಪದ್ಯದ ಹಾಗೆ ಬಾಯಿಪಾಠ ಮಾಡಿಸಿದ್ದ. ತಪ್ಪಿದರೆ ಬಿಸ್ಕತ್ತು ಇಲ್ಲ.

ಈಗ ಮುದುಕ ನಿಟ್ಟುಸಿರು ಬಿಟ್ಟು ಎದ್ದ. ಡ್ರಾಯರಿನಿಂದ ಒಂದು ಹಳೆಯ ಬನಿಯನ್ ಚೂರು ತೆಗೆದ. ಪ್ರೆಸ್ಸಿನ ಮುಂದೆ ಕೂತ. ಬಲಗೈಯಲ್ಲಿ ಬಟ್ಟೆಯನ್ನು ಸುತ್ತಿಕೊಂಡು ನೇರವಾಗಿ ಕಂಬವನ್ನು ಹಿಡಿದು ಗಸಗಸ ಒರೆಸತೊಡಗಿದ.

ಮೇವಿಸ್ ಮುಂದೆ ಬಾಗಿ ಅವನ ಮಣಿಕಟ್ಟನ್ನು ಹಿಡಿದಳು.

"ಬಿಸ್ಕತ್ತು ಇಲ್ಲ ಅಂಕಲ್," ಎಂದಳು.

"ಏನು?"

"ಕಂಬ ಕೊನೆಗೆ. ಮೊದಲು ಯಾಕೆ ಒರೆಸಿದ್ರಿ?"

"ಮರೆತೆ ಅಂದ್ನಲ್ಲ, ವಯಸ್ಸು..."

"ಬಟ್ಟೆ ಕೊಡಿ."

ಅವನು ಕೊಡಲಿಲ್ಲ. ಅವಳು ಎಳೆದುಕೊಂಡಳು. ತನ್ನ ತಂದೆಯ ವಯಸ್ಸಿನವನ ಕೈಯಿಂದ ಬಟ್ಟೆ ಕಿತ್ತುಕೊಳ್ಳುವುದು ಅವಳಿಗೆ ನಾಚಿಕೆಯೆನಿಸಿತು, ಆದರೂ ಕಿತ್ತುಕೊಂಡಳು.

ಕೇಪಿನ ಮಸಿಯಾಗಿದ್ದರೆ ಬಟ್ಟೆ ಕಪ್ಪಗಾಗಬೇಕಿತ್ತು. ಎಣ್ಣೆಯಾಗಿದ್ದರೆ ಕಂದು ಜಿಡ್ಡು ಇರಬೇಕಿತ್ತು. ಬನಿಯನ್ ಚೂರಿನ ಮೇಲೆ ಇದ್ದದ್ದು ಬೂದು ಬಣ್ಣದ ಒಣ ಹೊಳಪು. ಅವಳು ಬೆರಳಿಗೆ ಹಚ್ಚಿ ಉಜ್ಜಿದಳು. ನುಣ್ಣಗೆ ಜಾರಿತು.

ಪೆನ್ಸಿಲ್ ಸೀಸ.

ಮೇವಿಸ್ ಬಟ್ಟಲನ್ನು ಎಳೆದು ನೋಡಿದಳು. ಖಾಲಿ. ಬರೀ ಖಾಲಿಯಲ್ಲ, ಮೂಲೆಗಳವರೆಗೆ ಬ್ರಷ್ ಆಡಿಸಿ ಒರೆಸಿಟ್ಟ ಖಾಲಿ. ಮೇಜಿನ ಕೆಳಗಿನ ಕಾಫಿ ಡಬ್ಬದೊಳಗೆ ಸಿಡಿದ ಕೇಪುಗಳನ್ನು ಯಾರೋ ಒಂದೂ ಚೆಲ್ಲದಂತೆ ಸುರಿದಿದ್ದರು.

"ವೆಂಡೆಲ್‌ನ ತೋಟಾ ಬುಧವಾರ ಕಟ್ಟಿದ್ರಿ. ಭಾನುವಾರದ ತನಕ ನೀವು ಬಟ್ಟಲು ಖಾಲಿ ಮಾಡೋರಲ್ಲ. ಗುರುವಾರ ಸಂಜೆ ನೀವು ಇಸ್ಪೀಟಾಡೋಕೆ ಹೋಗ್ತೀರಿ, ಗ್ಯಾರೇಜಿಗೆ ಬೀಗ ಹಾಕಲ್ಲ, ಅದು ಊರಿಗೇ ಗೊತ್ತು. ಶುಕ್ರವಾರ ವೆಂಡೆಲ್ ಬಂದು ಪೆಟ್ಟಿಗೆ ತಗೊಂಡು ಹೋದ. ಈ ನಡುವೆ ಯಾರೋ ಬಂದು, ಸಿಡಿದದ್ದೂ ಸೇರಿ ಮೂರು ತೋಟಾ ಬಿಚ್ಚಿ, ಮದ್ದು ಬದಲಾಯ್ಸಿ, ಇದೇ ಪ್ರೆಸ್ಸಲ್ಲಿ ಮತ್ತೆ ಕೂರಿಸಿದಾರೆ. ಹೋಗುವಾಗ ಒರೆಸಿಟ್ಟು ಹೋಗಿದಾರೆ."

"ನಿನ್ನ ತಲೆ."

"ನೀವು ಶುಕ್ರವಾರ ಬೆಳಿಗ್ಗೇನೇ ನೋಡಿದ್ರಿ. ಆ ಗುರುತು ಅಳಿಸೋಕೇ ಈಗ ಮೊದಲು ಕಂಬ ಒರೆಸಿದ್ರಿ."

ಆರ್ಲೋ ಗೋಡೆಯ ಕಡೆ ತಿರುಗಿದ.

"ನೋಡಿ ಯಾರೋ ಒಳ್ಳೇ ಮನಸ್ಸಿಂದ ಒರೆಸಿಟ್ಟಿದಾರೆ ಅಂತ ಸುಮ್ಮನಾದ್ರಿ. ವೆಂಡೆಲ್ ಸತ್ತ ಮೇಲೆ ಅರ್ಥ ಆಯ್ತು. ಆಗ ಹೋಗಿ ನಾನೇ ಮಾಡ್ದೆ ಅಂತ ಹೇಳಿದ್ರಿ. ಯಾಕೆ?"

"ಮೇವಿ, ಮಗೂ," ಎಂದ ಮುದುಕ. "ವೆಂಡೆಲ್ ಹೋದ. ನಾನು ಏನೇ ಮಾಡಿದ್ರೂ ವಾಪಸ್ ಬರಲ್ಲ. ನಂಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಜೈಲಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರಂತೆ. ನಿಮ್ಮಪ್ಪ ನನ್ನ ಪಕ್ಕದಲ್ಲೇ ನಿಂತು ಜೀವಮಾನ ಪೂರ್ತಿ ದುಡಿದ. ಅವನ ಮನೆ ಹೆಸರು ಪೇಪರಲ್ಲಿ ಬರೋದು ಬೇಡ. ಆ ಬಟ್ಟೇನ ಒಲೆಗೆ ಹಾಕು."

ಈ ಊರಿನಲ್ಲಿ ಪ್ರೆಸ್ಸಿನ ಕಂಬಕ್ಕೆ ಎಣ್ಣೆಯ ಬದಲು ಪೆನ್ಸಿಲ್ ಉಜ್ಜುತ್ತಿದ್ದವನು ಒಬ್ಬನೇ, ಈಗ ತೀರಿಹೋಗಿರುವ ಮೇವಿಸ್‌ಳ ಅಪ್ಪ. ಈ ಗಾಳಿಗೆ ಎಣ್ಣೆ ಹಚ್ಚಿದರೆ ಧೂಳು ಅಂಟಿ ಕಂಬವನ್ನೇ ತಿನ್ನುತ್ತದೆ ಎಂದು ಅವನ ವಾದ. ಪೆನ್ಸಿಲ್ ಇರೋದು ಬರೆಯೋಕೆ ಕಣಯ್ಯ ಎಂದು ಆರ್ಲೋನ ವಾದ. ಇಬ್ಬರೂ ಈ ಜಗಳವನ್ನು ಮುಪ್ಪಿನವರೆಗೂ ಜತನವಾಗಿ ಕಾಪಾಡಿಕೊಂಡು ಬಂದಿದ್ದರು. ಊರಿನವರೆಲ್ಲ ಆರ್ಲೋನ ಕಡೆಗೇ. ಅಪ್ಪನ ಪೆನ್ಸಿಲ್ ವಿದ್ಯೆ ಕಲಿತವರು ಅವನ ಇಬ್ಬರು ಮಕ್ಕಳು ಮಾತ್ರ.

ಒಬ್ಬಳು ಮೇವಿಸ್. ಇನ್ನೊಬ್ಬ ಅವಳ ಅಣ್ಣ, ಬಡಗಿ ನೆಲ್ಸ್.

ಅವಳು ಬಟ್ಟೆಯನ್ನು ಕಾಗದದ ಚೀಲಕ್ಕೆ ಹಾಕಿ ಅಂಟಿಸಿ, ಮೇಲೆ ತಾರೀಖು ಬರೆದು ಸಹಿ ಮಾಡಿದಳು.

"ಪೆನ್ಸಿಲ್ ಯಾರು ಬೇಕಾದ್ರೂ ಉಜ್ಜಬಹುದು ಅಂಕಲ್," ಎಂದಳು. ಅದನ್ನು ಹೇಳಿಕೊಂಡದ್ದು ತನಗೇ. "ವೆಂಡೆಲ್ ಜೊತೆ ಜಗಳ ಆಡಿದ್ದ ಡ್ವೇನ್ ಕಿಂಕೇಡ್ ಕೂಡ ಅಪ್ಪ ಉಜ್ಜೋದನ್ನ ನೋಡಿರ್ತಾನೆ. ನೀವು ಸೋಮವಾರದವರೆಗೆ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ. ಹಾಕಿದ್ರೆ ನಿಮ್ಮ ಕೈ ಕಡೀತೀನಿ."

*

ಡ್ವೇನ್ ಆಗಿರಲಿ ದೇವರೇ ಎಂದುಕೊಂಡೇ ಅವಳು ಪೊಲೀಸ್ ಗಾಡಿ ಓಡಿಸಿದಳು. ಒಬ್ಬ ಮನುಷ್ಯ ಕೊಲೆಗಾರನಾಗಿರಲಿ ಎಂದು ಹಾರೈಸುವುದು ಒಳ್ಳೆಯ ಪೊಲೀಸರ ಲಕ್ಷಣವಲ್ಲ, ಒಳ್ಳೆಯ ಕ್ರೈಸ್ತರ ಲಕ್ಷಣವಂತೂ ಅಲ್ಲವೇ ಅಲ್ಲ. ಆದರೆ ಹಾರೈಸಿದಳು.

ಡ್ವೇನ್‌ಗೆ ಕಾರಣವೂ ಇತ್ತು. ಹೊರಗಿನಿಂದ ಬರುವ ಶ್ರೀಮಂತ ಬೇಟೆಗಾರರನ್ನು ಅವನು ವೆಂಡೆಲ್‌ನ ಹುಲ್ಲುಗಾವಲಿಗೆ ಕರೆದೊಯ್ಯುತ್ತಿದ್ದ. ಈ ವರ್ಷ ವೆಂಡೆಲ್ ಗೇಟಿಗೆ ಸರಪಳಿ ಹಾಕಿದ. ನಿನ್ನ ಬೇಟೆ ನಿನಗೇ ತಿರುಗಲಿ ಎಂದು ಡ್ವೇನ್ ಬಾರಿನಲ್ಲಿ ಎಲ್ಲರೆದುರು ಕಿರುಚಿದ್ದ.

ಅವನು ತನ್ನ ಶೆಡ್ಡಿನಲ್ಲಿ ಜಿಂಕೆಯ ಚರ್ಮ ಸುಲಿಯುತ್ತಿದ್ದ. ಮೊಣಕೈವರೆಗೂ ರಕ್ತ.

"ಓಹೋ, ಶೆರಿಫಮ್ಮ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾನಾ ಅಂತ ಪರೀಕ್ಷೆಗೆ ಬಂದ್ರಾ? ನೋಡಿ, ಹೆಗಲ ತುಂಬಾ ಜಿಂಕೆ ರಕ್ತ. ಮುಟ್ಕೊಳ್ಳೋಕೂ ಜಾಗ ಇಲ್ಲ."

"ನಿನ್ನ ಪ್ರೆಸ್ ತೋರ್ಸು."

"ವಾರಂಟ್?"

"ಇಲ್ಲ. ನೀನು ತೋರ್ಸಲ್ಲ ಅಂದ್ರೆ ಹೋಗಿ ತರ್ತೀನಿ. ತರುವಾಗ ಮಾಂಸ ತಪಾಸಣೆ ಇಲಾಖೆಯೋರನ್ನೂ ಕರ್ಕೊಂಡು ಬರ್ತೀನಿ. ನೆಲ ನೋಡು ನಿಂದು."

ಡ್ವೇನ್ ನೆಲ ನೋಡಿದ. ಚಾಕುವನ್ನು ಮರಕ್ಕೆ ಚುಚ್ಚಿ ನಿಲ್ಲಿಸಿ, ಪ್ಯಾಂಟಿಗೆ ಕೈ ಒರೆಸಿಕೊಂಡು ಮುಂದೆ ನಡೆದ.

ಪ್ರೆಸ್ ಹಿಂದಿನ ಕೋಣೆಯಲ್ಲಿ ಹರಿದ ಟೈರುಗಳ ಮಧ್ಯೆ ಇತ್ತು. ಅದನ್ನು ನೋಡಿ ಮೇವಿಸ್‌ಗೆ ಅಳು ಬರುವಂತಾಯಿತು. ಬಟ್ಟಲು ತುಂಬಿ ಕೇಪುಗಳು ಮೇಜಿನ ಮೇಲೆಲ್ಲ ಉದುರಿದ್ದವು. ಪಿನ್ನುಗಳಲ್ಲಿ ಗ್ರೀಸು ಒಣಗಿ ಸಗಣಿಯಂತೆ ಬಿರಿದಿತ್ತು. ಕಂಬದ ಮೈಮೇಲೆ ಉದ್ದಕ್ಕೂ ಗೀರು. ಹಿಡಿಕೆ ಎಳೆದಳು, ಅದು ಗೊಣಗುತ್ತಾ ಅರ್ಧಕ್ಕೆ ಬಂದು ನಿಂತಿತು.

"ಇದನ್ನ ಯಾವತ್ತಾದ್ರೂ ಒರೆಸಿದೀಯಾ?"

"ಒರೆಸೋಕೆ ಇದೇನು ನಮ್ಮಜ್ಜಿ ಬೆಳ್ಳಿ ಚಮಚಾನಾ? ಗುಂಡು ಹಾರುತ್ತೆ, ಜಿಂಕೆ ಬೀಳುತ್ತೆ. ಮತ್ತಿನ್ನೇನು?"

"ಹೋದ ವರ್ಷ ಆರ್ಲೋ ಅಂಕಲ್ ಹತ್ರ ಕೈಗಾಡಿ ಎರವಲು ತಗೊಂಡಿದ್ಯಲ್ಲ. ಹೇಗೆ ವಾಪಸ್ ಕೊಟ್ಟೆ?"

"ಅದೇನು ವಿಚಾರಣೆ?"

"ಹೇಳು."

"ಚಕ್ರದಲ್ಲಿ ಗಾಳಿ ಇರ್ಲಿಲ್ಲ. ಸ್ವಲ್ಪ ಗೊಬ್ಬರ ಮೆತ್ತಿತ್ತು. ಅದಕ್ಕೆ ಈಗ ಜೈಲಾ?"

ಈ ಬಯಲಿನಲ್ಲಿ ಅದು ಜೈಲಿಗಿಂತ ದೊಡ್ಡ ಅಪರಾಧವೇ. ಎರವಲು ತಂದದ್ದು ಬಂದಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿ ಹಿಂದಿರುಗಬೇಕು, ಅದು ಇಲ್ಲಿನ ಅಲಿಖಿತ ಕಾನೂನು. ಸಿಹಿ ಪೈ ತಿನಿಸು ತಂದ ತಟ್ಟೆಯನ್ನು ಬರಿದಾಗಿ ಕೊಡಬಾರದು. ತಂದ ಗಾಡಿಯ ಟ್ಯಾಂಕು ತುಂಬಿಸಿ ಕೊಡಬೇಕು. ತಂದ ಗರಗಸಕ್ಕೆ ಸಾಣೆ ಹಿಡಿಸಿ ಕೊಡಬೇಕು. ಈ ಮರ್ಯಾದೆ ಮೂಳೆಯೊಳಗೆ ಇಳಿದವನು ಕದ್ದು ಬಳಸಿದ ಯಂತ್ರವನ್ನೂ ಒರೆಸದೆ ಬಿಟ್ಟು ಹೋಗಲಾರ. ಕೊಲೆಯ ಕೆಲಸ ಮಾಡುತ್ತಿರುವಾಗಲೂ ಕೈ ತಾನಾಗಿಯೇ ಬಟ್ಟಲು ಖಾಲಿ ಮಾಡುತ್ತದೆ, ಕಂಬ ಒರೆಸುತ್ತದೆ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಉಜ್ಜುತ್ತದೆ.

ಡ್ವೇನ್ ಅಂಥವನಲ್ಲ. ಕೊಳಕು ಪ್ರೆಸ್ ಯಾವ ಕೋರ್ಟಿನಲ್ಲೂ ಸಾಕ್ಷಿಯಲ್ಲವೆಂದು ಮೇವಿಸ್‌ಗೆ ಗೊತ್ತಿತ್ತು. ಆದರೂ ಈ ಮನುಷ್ಯ ನಿರಪರಾಧಿ ಎಂಬುದು ಅವಳಿಗೆ ಬೈಬಲ್ ಮುಟ್ಟಿ ಹೇಳುವಷ್ಟು ಖಾತ್ರಿಯಾಯಿತು, ಮತ್ತು ಅವಳು ಅವನನ್ನು ಅದಕ್ಕಾಗಿ ದ್ವೇಷಿಸಿದಳು.

"ಗುರುವಾರ ಸಂಜೆ ಎಲ್ಲಿದ್ದೆ?" ಎಂದು ಕೊನೆಯದಾಗಿ ಕೇಳಿದಳು.

"ಬಾರ್‌ಗೆ ಹೋಗ್ತಿದ್ದೆ. ಆರ್ಲೋ ಮನೆ ಮುಂದೇನೇ ಹೋದೆ. ನೀವು ಅಲ್ಲೇ ಇದ್ರಲ್ಲ, ನನ್ನೇನು ಕೇಳ್ತೀರಾ?"

"ನಾನಾ?"

"ನಿಮ್ಮ ಕೆಂಪು ಪಿಕಪ್ಪು ಗ್ಯಾರೇಜ್ ಪಕ್ಕದಲ್ಲೇ ನಿಂತಿತ್ತು. ಕಾನೂನೇ ಬಂದು ಸಾಲಲ್ಲಿ ನಿಂತು ತೋಟಾ ಕಟ್ಟಿಸ್ಕೋತಿದೆ ಅಂತ ಬಾರಲ್ಲಿ ಹೇಳಿ ನಕ್ಕಿದೀನಿ. ಬೇಕಿದ್ರೆ ಕೇಳಿ ನೋಡಿ, ಕೇಳಿದೋರು ಬೇಕಾದಷ್ಟು ಜನ ಇದಾರೆ."

ಮೇವಿಸ್ ಹಿಡಿಕೆಯನ್ನು ಬಿಟ್ಟಳು. ಅದು ಕಿರ್ರೆಂದು ಮೇಲಕ್ಕೆ ಹೋಯಿತು.

ಡ್ವೇನ್ ಅವಳ ಮುಖ ನೋಡಿದ. ಅವನ ಕುಚೋದ್ಯ ಸ್ವಲ್ಪ ಇಳಿಯಿತು. "ನೋಡಿ, ವೆಂಡೆಲ್ ಮೇಲೆ ನಂಗೆ ಸಿಟ್ಟಿತ್ತು, ಇಲ್ಲ ಅನ್ನಲ್ಲ. ಆದ್ರೆ ಅವನು ಸಾಯೋ ವಾರ ರಾಜಿಗೆ ಬಂದಿದ್ದ. ಬೇಟೆ ಕಾಲ ಮುಗೀಲಿ ಡ್ವೇನ್, ಗೇಟ್ ತೆಗೀತೀನಿ, ಈಗ ತಲೆ ತುಂಬಾ ಬೇರೆ ಯೋಚನೆ ಇದೆ ಅಂದ. ಮಾರ್ಚಲ್ಲಿ ಅವನ ಕರುಗಳ ಕೊಟ್ಟಿಗೆ ಬಿತ್ತಲ್ಲ, ಕೆಲಸದ ಹುಡುಗ ಅಡಿಗೆ ಸಿಕ್ಕಿ ಸತ್ನಲ್ಲ? ಅದು ಹಿಮದ ಭಾರಕ್ಕೆ ಬಿದ್ದಿದ್ದಲ್ಲ ಅಂದ. ತೊಲೆಗೆ ಹಾಕಬೇಕಾದ ಬೋಲ್ಟೇ ಹಾಕಿಲ್ಲ, ಮೊಳೆ ಹೊಡೆದು ಬಿಟ್ಟಿದಾನೆ, ಕಟ್ಟಿದವನಿಗೂ ಹೇಳಿದೀನಿ, ಬೇಟೆ ಮುಗಿದ ಮೇಲೆ ಬಾಯಿ ಬಿಡ್ತೀನಿ ಅಂದ."

"ಯಾರು ಮೊಳೆ ಹೊಡೆದದ್ದು?"

"ನನ್ನನ್ಯಾಕೆ ಕೇಳ್ತೀರಾ? ಆ ಕೊಟ್ಟಿಗೆ ಕಟ್ಟಿದ್ದು ಯಾರು ಅಂತ ನಿಮ್ಮನೇಲೇ ಕೇಳಿ."

*

ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದು ಕಡೆ ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡು ಕೂತಳು. ಅಳಲಿಲ್ಲ. ಅತ್ತರೆ ಯೋಚನೆ ಕೆಡುತ್ತದೆ.

ಗುರುವಾರ ಮಧ್ಯಾಹ್ನ ನೆಲ್ಸ್ ಹಿತ್ತಿಲ ಬಾಗಿಲಿಗೆ ಬಂದಿದ್ದ. ಅವನ ಟ್ರಕ್ಕು ರಿಪೇರಿಯಲ್ಲಿತ್ತು. ಹಲಗೆ ಸಾಗಿಸಬೇಕು, ಪಿಕಪ್ ಕೊಡ್ತೀಯಾ ಎಂದು ಕೇಳಿದ್ದ. ಅವಳು ಜ್ವರದಲ್ಲಿ ಕಣ್ಣೂ ಪೂರ್ತಿ ಬಿಡದೆ ಬೀಗದಕೈ ಎಸೆದಿದ್ದಳು. ಅವನು ಅವಳಿಗೆ ಸೂಪು ಬಿಸಿ ಮಾಡಿಟ್ಟು, ಹಣೆ ಮುಟ್ಟಿ ನೋಡಿ, ಹಿತ್ತಿಲಿನಿಂದಲೇ ಹೋಗಿದ್ದ. ಅದನ್ನು ನೋಡಿದವರು ಯಾರೂ ಇಲ್ಲ.

ಎರಡು ದಾರಿ ಇತ್ತು. ಚೀಲವನ್ನು ಒಲೆಗೆ ಹಾಕಿದರೆ ಅಣ್ಣ ಉಳಿಯುತ್ತಾನೆ, ಅಪ್ಪನ ಹೆಸರು ಉಳಿಯುತ್ತದೆ, ಆರ್ಲೋ ಗೆಳೆಯನನ್ನು ಕೊಂದವನೆನ್ನಿಸಿಕೊಂಡು ಜೈಲಿನಲ್ಲಿ ಸಾಯುತ್ತಾನೆ. ಹಾಕದಿದ್ದರೆ?

ಅವಳು ಗಾಡಿ ಚಾಲೂ ಮಾಡಿದಳು. ಬಿಲ್ಲೆ, ಬಟ್ಟಲು, ಪಿನ್ನು, ಕಂಬ. ಕ್ರಮ ತಪ್ಪಬಾರದು. ಮೊದಲು ಅವನನ್ನು ಕೇಳಬೇಕು.

ಕೇಳಲು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಮನೆಯ ಮುಂದೆ ಅವಳ ಕೆಂಪು ಪಿಕಪ್ ನಿಂತಿತ್ತು, ಕೊಂಡ ದಿನ ಕೂಡ ಅಷ್ಟು ಹೊಳೆದಿರಲಿಲ್ಲ. ನೆಲ್ಸ್ ಬಾಗಿಲಿನ ಹಿಡಿಯನ್ನು ಮೆದು ಬಟ್ಟೆಯಿಂದ ಒರೆಸುತ್ತಿದ್ದ.

"ಬಂದ್ಯಾ? ಟ್ಯಾಂಕ್ ತುಂಬ್ಸಿದೀನಿ ಕಣೇ," ಎಂದ. "ಒಳಗೂ ತೊಳೆದಿದೀನಿ. ಸ್ಟಿಯರಿಂಗು, ಸೀಟು, ಗೇರು, ಎಲ್ಲಾ. ಎರಡು ಸಲ. ಎಷ್ಟು ಕೊಳಕಾಗಿ ಇಟ್ಕೊಂಡಿದ್ದೆ ಮಾರಾಯ್ತಿ!"

"ಅಪ್ಪ ಇದ್ದಿದ್ರೆ ಮೆಚ್ಕೋತಿದ್ರು."

"ಎರವಲು ತಂದಿದ್ದು ಬಂದಾಗಿದ್ದಕ್ಕಿಂತ ಚೊಕ್ಕಟವಾಗಿ ಹೋಗ್ಬೇಕು," ಎಂದು ನೆಲ್ಸ್ ಅಪ್ಪನ ಧ್ವನಿಯಲ್ಲೇ ಅಣಕಿಸಿ ನಕ್ಕ. ಆ ನಗು ಅವಳಿಗೆ ಪ್ರಾಣಪ್ರಿಯವಾದದ್ದು. ಅಮ್ಮ ಸತ್ತ ವರ್ಷ ಅವಳನ್ನು ಉಳಿಸಿದ್ದೇ ಆ ನಗು.

"ನೆಲ್ಸ್, ನಿನ್ನ ಪೆನ್ಸಿಲ್ ಕೊಡು ಸ್ವಲ್ಪ."

ಅವನ ಕೈ ಕಿವಿಗೆ ಹೋಯಿತು. ಬಡಗಿಯ ಚಪ್ಪಟೆ ಪೆನ್ಸಿಲ್ ಅಲ್ಲೇ ಇತ್ತು. ಅವಳು ತೆಗೆದುಕೊಂಡು ತುದಿ ನೋಡಿದಳು. ಇನ್ನೂ ಕೆತ್ತಿಯೇ ಇರಲಿಲ್ಲ. ಅಂಗಡಿಯ ಬೆಲೆಯ ಚೀಟಿ ಅಂಟಿಕೊಂಡೇ ಇತ್ತು.

"ಹಳೇದು?"

"ಮುಗೀತು."

"ಯಾವುದಕ್ಕೆ ಉಜ್ಜಿ ಮುಗಿಸ್ದೆ?"

ಅವನು ಒರೆಸುವುದನ್ನು ನಿಲ್ಲಿಸಿದ. ಬಟ್ಟೆಯನ್ನು ನಾಲ್ಕಾಗಿ ಮಡಚಿದ. ಮಡಚುವಾಗ ಅಂಚಿಗೆ ಅಂಚು ಕೂಡಿಸಿದ, ಅಪ್ಪ ಕಲಿಸಿದ ಹಾಗೆ.

"ಆರ್ಲೋ ಒಪ್ಕೊಂಡಿದಾನಂತಲ್ಲ, ಮೇವಿ. ಆಗಿಹೋಯ್ತಲ್ಲ."

"ಕೊಟ್ಟಿಗೆ ತೊಲೆಗೆ ಬೋಲ್ಟ್ ಹಾಕಿದ್ಯಾ ನೀನು?"

"ಹಿಮ ಬಿತ್ತು, ಚಾವಣಿ ಬಿತ್ತು. ಇನ್ಶೂರೆನ್ಸ್‌ನೋರೇ ಬರ್ಕೊಟ್ಟಿದಾರೆ."

"ವೆಂಡೆಲ್ ಹಾಗೆ ಹೇಳ್ತಿರ್ಲಿಲ್ಲ."

"ವೆಂಡೆಲ್ ಈಗ ಏನೂ ಹೇಳಲ್ಲ."

ಅದು ತಣ್ಣಗೆ ಬಂದ ಮಾತು. ಮೇವಿಸ್ ಅಣ್ಣನ ಮುಖದಲ್ಲಿ ಅಣ್ಣನನ್ನು ಹುಡುಕಿದಳು.

"ಗುರುವಾರ ಸಂಜೆ ಈ ಗಾಡಿ ಆರ್ಲೋ ಅಂಕಲ್ ಗ್ಯಾರೇಜ್ ಪಕ್ಕ ನಿಂತಿತ್ತು. ನೋಡಿದೋರಿದಾರೆ."

"ಇರ್ಬಹುದು," ಎಂದ ನೆಲ್ಸ್. "ಗಾಡಿ ನಿಂದು."

"ನಾನು ಗುರುವಾರ ಮಧ್ಯಾಹ್ನಾನೇ ನಿಂಗೆ ಕೊಟ್ಟೆ."

"ಶುಕ್ರವಾರ ಕಣೇ. ಶುಕ್ರವಾರ ಬೆಳಿಗ್ಗೆ ಬಂದು ತಗೊಂಡೆ. ನಿಂಗೆ ಜ್ವರ ತಲೆಗೇರಿತ್ತು, ದಿನಾನೇ ಜ್ಞಾಪಕ ಇಲ್ಲ." ಅವನು ಮೆಲ್ಲಗೆ, ಹುಷಾರಿಲ್ಲದ ಮಗುವಿಗೆ ಹೇಳುವಂತೆ ಹೇಳಿದ. "ಪೆನ್ಸಿಲ್ ವಿಷಯ ತೆಗೆದ್ರೆ ಅಪ್ಪ ಕಲಿಸಿದ್ದು ಇಬ್ರಿಗೆ. ಗಾಡಿ ವಿಷಯ ತೆಗೆದ್ರೆ ಗಾಡಿ ನಿಂದು. ಅವತ್ತು ನೀನು ಮನೇಲಿದ್ದೆ ಅಂತ ಹೇಳೋರು ಯಾರಿದಾರೆ? ಕೊಟ್ಟಿಗೆ ವಿಷಯ ತೆಗೆದ್ರೆ, ಅಣ್ಣನ್ನ ಉಳಿಸೋಕೆ ತಂಗಿ ಏನು ಬೇಕಾದ್ರೂ ಮಾಡ್ತಾಳೆ ಅಂತ ಊರು ನಂಬುತ್ತೆ. ನಾನು ಹಾಗೆ ಹೇಳಲ್ಲ ಮೇವಿ. ಊರು ಹೇಳುತ್ತೆ ಅಂದೆ, ಅಷ್ಟೇ."

ಅವನು ಬೀಗದಕೈಯನ್ನು ಮಡಚಿದ ಬಟ್ಟೆಯ ಮೇಲಿಟ್ಟು, ಬೆರಳು ತಾಗದಂತೆ ಅವಳ ಅಂಗೈಗೆ ಜಾರಿಸಿದ. ಅದೂ ಫಳಫಳ ಹೊಳೆಯುತ್ತಿತ್ತು. ಆಗ ಅವಳಿಗೆ ಅರ್ಥವಾಯಿತು. ಪ್ರೆಸ್ಸನ್ನು ಒರೆಸಿದ್ದು ಮರ್ಯಾದೆಗೆ. ಇದನ್ನು ಒರೆಸಿದ್ದು ಮರ್ಯಾದೆಗಲ್ಲ. ಆ ಗಾಡಿಯೊಳಗೆ ನೆಲ್ಸ್ ಗುರುವಾರ ಕೂತಿದ್ದ ಎನ್ನಲು ಒಂದು ಕೂದಲೂ ಉಳಿದಿರಲಿಲ್ಲ.

ಚೀಲ ಅವಳ ಕೋಟಿನ ಒಳಜೇಬಿನಲ್ಲಿತ್ತು. ಅದರ ಮೇಲೆ ಇದ್ದದ್ದು ಅವಳದೇ ಸಹಿ. ಅದನ್ನು ಕೊಟ್ಟರೆ ಮೊದಲು ಅನುಮಾನ ಬರುವುದು ಯಾರ ಮೇಲೆಂದು ಈಗ ಚೆನ್ನಾಗಿ ಗೊತ್ತಾಯಿತು.

"ಒಳಗೆ ಬಾ, ಕಾಫಿ ಮಾಡ್ತೀನಿ," ಎಂದ ಅಣ್ಣ. "ಸೋಮವಾರ ಆಗಿಹೋಗ್ಲಿ. ಆಮೇಲೆ ಎಲ್ಲಾ ಸರಿಯಾಗುತ್ತೆ."

ಮೇವಿಸ್‌ಗೆ ಹಾಲಿನ ಪೆಟ್ಟಿಗೆ ನೆನಪಾಯಿತು. ಜೈಲಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರಂತೆ ಎಂದ ಮುದುಕನ ಮುಖ ನೆನಪಾಯಿತು. ಅವಳು ಅಣ್ಣನ ಕಣ್ಣಿನಿಂದ ಕಣ್ಣು ತೆಗೆಯದೆ ಫೋನ್ ತೆಗೆದಳು.

ಆ ಕಡೆಯಿಂದ ಸರ್ಕಾರಿ ವಕೀಲ ಉತ್ತರಿಸಿದ.

"ಸರ್, ಮೇವಿಸ್ ಟೋರ್ಗರ್ಸನ್. ಆರ್ಲೋ ಬೆಕ್‌ಮನ್ ಮೇಲೆ ಕೇಸ್ ಹಾಕ್ಬೇಡಿ. ಆತ ಮಾಡಿಲ್ಲ, ನನ್ನ ಹತ್ರ ಸಾಕ್ಷಿ ಇದೆ. ವೆಂಡೆಲ್ ಕೊಲೆಗೆ ಇನ್ನಿಬ್ಬರ ಹೆಸರು ಕೊಡ್ತೀನಿ, ಬರ್ಕೊಳ್ಳಿ."

ನೆಲ್ಸ್‌ನ ಕೈಯಿಂದ ಬಟ್ಟೆ ಜಾರಿ ಧೂಳಿಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಒಂದು, ನೆಲ್ಸ್ ಟೋರ್ಗರ್ಸನ್," ಎಂದಳು ಅವಳು. "ಇನ್ನೊಂದು, ನಾನು. ಸಾಕ್ಷಿ ಇಬ್ರ ಕಡೆಗೂ ಬೆರಳು ತೋರ್ಸುತ್ತೆ, ಅದನ್ನ ಬೇರೆಯೋರೇ ತೂಗಿ ನೋಡ್ಲಿ. ನಮ್ಮಿಬ್ರನ್ನೂ ಕರ್ಕೊಂಡು ಹೋಗೋಕೆ ಬೇರೆ ಊರಿನ ಪೊಲೀಸರನ್ನ ಕಳಿಸಿ. ಬರೋವರೆಗೂ ಇವನನ್ನ ಇಲ್ಲಿಂದ ಅಲ್ಲಾಡೋಕೆ ಬಿಡಲ್ಲ."